ಅಡ್ಡಪೈಪಿಲ್ಲದ ಸೈಕಲ್ಲು

ಫ್ರೇಮು ಮನೆಗೆ ಬಂದ ದಿನ ನನಗೆ ಅನುಮಾನ ಹುಟ್ಟಿತು ಎಂದರೆ ಸುಳ್ಳಾದೀತು. ಅದಕ್ಕೂ ಹದಿನೈದು ದಿನ ಮೊದಲು, ರಿಮ್ಮುಗಳು ಬಂದಾಗಲೇ ಅದು ಹುಟ್ಟಿತ್ತು. ಫ್ರೇಮು ಬಂದ ದಿನ ಅದಕ್ಕೆ ಕೈಕಾಲು ಮೂಡಿತು, ಅಷ್ಟೆ.

ನಯಾಪೈಸೆ ಬಂದ ಮಾರನೆಯ ವರ್ಷ ಅದು. ನಾವು ಭದ್ರಾವತಿಯ ನ್ಯೂಟೌನಿನಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಇವರು ಅಲ್ಲಿ ಫಿಟ್ಟರ್. ಇವರು ಎಂದರೆ ನನ್ನ ಗಂಡ. ಹೆಸರು ಹಿಡಿದು ಹೇಳುವ ರೂಢಿ ನಮ್ಮಲ್ಲಿಲ್ಲ, ಈಗಲೂ ನಾಲಿಗೆ ಏಳುವುದಿಲ್ಲ. ನಾನು ಮನೆಯಲ್ಲೇ ಹೊಲಿಗೆ ಮಿಷನ್ನಿಟ್ಟುಕೊಂಡು ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದೆ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ಹೆಂಗಸಿಗೆ ಗಂಡನ ಜೇಬಿನ ಮೇಲೆ, ಅವನು ಮನೆಗೆ ಬರುವ ಹೊತ್ತಿನ ಮೇಲೆ, ಕನ್ನಡಿ ಮುಂದೆ ನಿಲ್ಲುವ ರೀತಿಯ ಮೇಲೆ ಸದಾ ಒಂದು ಕಣ್ಣಿರುತ್ತದೆ. ಹೇಳಿಕೊಳ್ಳಲು ನಾಚಿಕೆಯ ಮಾತು, ಆದರೆ ನಿಜ. ಎರಡನೆಯವಳನ್ನು ಮದುವೆಯಾಗಲು ಇನ್ನು ಕಾನೂನು ಬಿಡುವುದಿಲ್ಲ ಎಂದು ಆಗಷ್ಟೇ ಜನ ಆಡಿಕೊಳ್ಳುತ್ತಿದ್ದರು. ಇಟ್ಟುಕೊಳ್ಳುವುದಕ್ಕೆ ಕಾನೂನನ್ನು ಯಾರು ಕೇಳುತ್ತಾರೆ?

ಇವರ ಹತ್ತಿರ ಒಂದು ಸೈಕಲ್ಲು ಆಗಲೇ ಇತ್ತು. ಎಲ್ಲರ ಹತ್ತಿರ ಇರುವಂಥದು. ಎತ್ತರದ, ಕಪ್ಪಗಿನ, ಹೆಬ್ಬೆರಳಿಗಿಂತ ಸ್ವಲ್ಪ ಅಗಲದ ಟೈರಿನ ಸೈಕಲ್ಲು. ಮನೆಯಿಂದ ಕಾರ್ಖಾನೆಯ ಗೇಟಿನವರೆಗೆ ಟಾರು ರಸ್ತೆ. ಹೀಗಿರುವಾಗ ಒಂದು ಸಂಜೆ ಗೋಣಿಯಲ್ಲಿ ಸುತ್ತಿದ ಎರಡು ರಿಮ್ಮು ತಂದು ಹಿತ್ತಲ ಗೋಡೆಗೆ ಒರಗಿಸಿದರು. ಅಂಥ ಅಗಲದ ರಿಮ್ಮನ್ನು ನಾನು ಕಂಡಿರಲಿಲ್ಲ.

“ಇದೇನ್ರೀ, ಎತ್ತಿನಗಾಡಿ ಚಕ್ರ ತಂದಿದೀರಿ?”

“ಬಲೂನ್ ಟೈರಿಂದು. ಎರಡಿಂಚು ಅಗಲ. ಮರಳು, ಜಲ್ಲಿಕಲ್ಲು, ಗಾಡಿಜಾಡು, ಎಲ್ಲಾದ್ರ ಮೇಲೂ ಹೋಗತ್ತೆ.”

“ನೀವ್ಯಾವ ಗಾಡಿಜಾಡಲ್ಲಿ ಹೋಗ್ಬೇಕು?”

“ನಂಗಲ್ಲ ಮಾರಾಯ್ತಿ. ರಂಗಪ್ಪನ ಗಿರಾಕಿ ಒಬ್ಬರದು. ಕಟ್ಟಿಕೊಡಿ ಅಂದಿದಾನೆ.”

ರಂಗಪ್ಪ ಎಂದರೆ ಮಾರ್ಕೆಟ್ಟಿನ ಹತ್ತಿರ ಸೈಕಲ್ ಶಾಪು ಇಟ್ಟುಕೊಂಡಿದ್ದ ಇವರ ಗೆಳೆಯ. ಅಂಗಡಿ ಇಟ್ಟುಕೊಂಡವನು ತನ್ನ ಗಿರಾಕಿಯ ಸೈಕಲ್ಲನ್ನು ಕಾರ್ಖಾನೆಯ ಫಿಟ್ಟರನ ಹಿತ್ತಲಲ್ಲಿ ಯಾಕೆ ಕಟ್ಟಿಸುತ್ತಾನೆ? ಕೇಳಲಿಲ್ಲ. ಕೇಳಿದರೆ ಇನ್ನೊಂದು ಉತ್ತರ ಬರುತ್ತಿತ್ತು, ಅದನ್ನೂ ಅನುಮಾನಿಸಬೇಕಾಗುತ್ತಿತ್ತು.

ದಿನಾ ಸಂಜೆ ಹಿತ್ತಲಲ್ಲಿ ಕೆಲಸ ಶುರುವಾಯಿತು. ಮಾಮೂಲಿ ಫೋರ್ಕಿನ ಎರಡು ಕಾಲುಗಳ ನಡುವೆ ಆ ಟೈರು ಹಿಡಿಯುವುದಿಲ್ಲವಂತೆ. ಇದ್ದಿಲಿನಲ್ಲಿ ಫೋರ್ಕನ್ನು ಕೆಂಪಗೆ ಕಾಸಿ, ನಡುವೆ ಕಬ್ಬಿಣದ ಬೆಣೆ ಇಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಅಗಲಿಸಿದರು. ಚಕ್ರಕ್ಕೆ ಕಡ್ಡಿಗಳನ್ನು ಏರಿಸಿ, ಬೆರಳಿನಿಂದ ಒಂದೊಂದನ್ನೂ ಮೀಟಿ, ಕಿವಿಗೊಟ್ಟು ನಾದ ಕೇಳಿ, ಸಡಿಲವಿದ್ದುದನ್ನು ಬಿಗಿ ಮಾಡಿದರು. ಸೌತೆಕಾಯಿ ಹೆಚ್ಚುತ್ತಾ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಮಿಷನ್ನಿಗೆ ಒಂದು ಹನಿ ಎಣ್ಣೆ ಬಿಡಿ ಎಂದರೆ ತಿಂಗಳುಗಟ್ಟಲೆ ಮರೆಯುವ ಮನುಷ್ಯ. ಈ ಪ್ರೀತಿ ಯಾರದು, ಎಂದುಕೊಂಡೆ. ಸೈಕಲ್ಲಿನದಂತೂ ಅಲ್ಲ.

ಭಾನುವಾರ ಬಂತೆಂದರೆ ಮೊದಲ ರೈಲಿಗೆ ಶಿವಮೊಗ್ಗಕ್ಕೆ ಹೋಗುವುದು. “ಸಾಮಾನು ಸಿಗುತ್ತಾ ನೋಡ್ಕೊಂಡು ಬರ್ತೀನಿ” ಎನ್ನುವುದು. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಯಾವ ಅಂಗಡಿ ತೆರೆದಿರುತ್ತದೆ? ಮಧ್ಯಾಹ್ನ ಬರುವಾಗ ಕೈಯಲ್ಲಿ ಒಂದು ವಾಷರೋ ಒಂದು ನಟ್ಟೋ ಇರುತ್ತಿತ್ತು. ಪಂಚೆಗೆ ಚೈನಿನ ಕಪ್ಪು ಜಿಡ್ಡು ಮೆತ್ತಿರುತ್ತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಅದರ ನೆರಳು ಹೋಗುತ್ತಿರಲಿಲ್ಲ. ತಿಕ್ಕುವಾಗ ನನಗೆ ಅನಿಸುತ್ತಿತ್ತು: ಸೈಕಲ್ಲು ಇರುವುದು ಇಲ್ಲಿ, ಜಿಡ್ಡು ಅಂಟುವುದು ಶಿವಮೊಗ್ಗದಲ್ಲಿ.

ಆಮೇಲೆ ಫ್ರೇಮು ಬಂತು. ಅದಕ್ಕೆ ನಡುವಿನ ಅಡ್ಡಪೈಪಿರಲಿಲ್ಲ. ಎರಡು ಪೈಪುಗಳೂ ಕೆಳಕ್ಕೆ ಇಳಿಜಾರಾಗಿ ಬಾಗಿದ್ದವು. ಸೀರೆಯುಟ್ಟವರು ಹತ್ತುವ ಸೈಕಲ್ಲು.

ಪಕ್ಕದ ಮನೆಯ ಉಚ್ಚಂಗಮ್ಮ ಬೇಲಿಯಾಚೆಯಿಂದ ಅದನ್ನು ನೋಡಿ ಬಾಯಿ ಅಗಲ ಮಾಡಿದಳು. “ಏನ್ ಜಗದಾಂಬಮ್ಮ, ನಿಮ್ಮ ಯಜಮಾನ್ರು ಯಾವ ಮೇಡಮ್ಮಿಗೆ ರಥ ಕಟ್ತಿದಾರೆ?”

“ಯಾರೋ ಗಿರಾಕಿ ಕಣೇ.”

“ಗಿರಾಕೀನಾ?” ಎಂದು ಅವಳು ನಕ್ಕಳು. “ನಮ್ಮನೆಯೋನು ನಂಗೊಂದು ಒಲೆ ಕಟ್ಟಿಕೊಡು ಅಂದ್ರೆ ಬೆನ್ನು ನೋವು ಅಂತಾನೆ. ಪುಣ್ಯ ಮಾಡಿರ್ಬೇಕು ಆ ಗಿರಾಕಿ.”

ಮಾರನೆಯ ದಿನ ಇವರು ಡ್ಯೂಟಿಗೆ ಹೋದ ಮೇಲೆ, ಚಕ್ರದ ಬೇರಿಂಗಿನ ಬಾಲುಗಳನ್ನಿಟ್ಟಿದ್ದ ತಗಡಿನ ಡಬ್ಬಿ ತೆರೆದು ನೋಡಿದೆ. ಒಳಗೆ ಒಂದು ಟ್ವೈನು ದಾರ, ಎರಡು ತುದಿಗೂ ಗಂಟು. ಸುಮ್ಮನೆ ಬಿದ್ದ ದಾರವಲ್ಲ, ಯಾವುದೋ ಅಳತೆ. ಅಳತೆ ತೆಗೆಯುವುದೇ ನನ್ನ ಕೆಲಸವಾದ್ದರಿಂದ ನನಗದು ಕೂಡಲೇ ತಿಳಿಯಿತು. ಯಾವುದರ ಅಳತೆ ಎಂಬುದು ತಿಳಿಯಲಿಲ್ಲ. ದಾರವನ್ನು ಸೆರಗಿನಲ್ಲಿ ಕಟ್ಟಿಕೊಂಡು ರಂಗಪ್ಪನ ಅಂಗಡಿಗೆ ಹೋದೆ.

“ಬನ್ನಿ ಅಕ್ಕ” ಎಂದು ಅವನು ಸ್ಟೂಲು ಒರೆಸಿದ.

“ನಿಮ್ಮ ಗಿರಾಕಿ ಸೈಕಲ್ಲು ಯಾವಾಗ ಬೇಕಂತೆ?”

“ನನ್ನ ಗಿರಾಕಿನಾ? ಯಾವ್ದು?” ಅವನು ಕಣ್ಣು ಪಿಳಿಪಿಳಿ ಮಾಡಿದ. “ಓ, ಆ ಬಲೂನಿಂದಾ! ಅದು ನಿಮ್ಮೋರದೇ ಅಲ್ವಾ? ನಂಗೂ ಏನೂ ಹೇಳಲ್ಲ. ಮಡ್‌ಗಾರ್ಡಿಗೂ ಟೈರಿಗೂ ಎರಡು ಬೆರಳು ಸಂದಿ ಬಿಡ್ಬೇಕು, ಎರೆಮಣ್ಣು ಮೆತ್ತಿಕೊಂಡ್ರೆ ಚಕ್ರ ನಿಂತ್ಕೊಂಡ್ಬಿಡತ್ತೆ ಅಂದ್ರು. ಭದ್ರಾವತೀಲಿ ಎಲ್ಲಿ ಸ್ವಾಮಿ ಎರೆಮಣ್ಣು ಅಂದ್ರೆ ನಗ್ತಾರೆ.”

ನಾನು ದಾರ ತೋರಿಸಿದೆ.

“ಇದಾ? ಸವಾರರ ಅಳತೆ. ಸೀಟಿನ ಮುಂದಿನ ತುದಿ ಕಂಕುಳಿಗೆ ಸಿಕ್ಕಿಸ್ಕೊಂಡು ಕೈ ಚಾಚಿದ್ರೆ ಮಧ್ಯದ ಬೆರಳು ಪೆಡಲಿನ ಅಚ್ಚಿಗೆ ತಾಗ್ಬೇಕು. ಹಂಗಿದ್ರೆ ಸೀಟಿನ ಎತ್ತರ ಸರಿ. ಸವಾರ ಎದುರಿಗಿಲ್ದಿದ್ರೆ ದಾರದಲ್ಲಿ ಅಳತೆ ತಂದಿಟ್ಕೊತೀವಿ. ನೀವೇ ಹತ್ತೋರಾ ಏನ್ ಕತೆ?” ಎಂದು ಹಲ್ಲು ಬಿಟ್ಟ.

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ದಾರದ ಒಂದು ಗಂಟನ್ನು ಕಂಕುಳಲ್ಲಿ ಹಿಡಿದು ಕೈ ಚಾಚಿದೆ. ಇನ್ನೊಂದು ಗಂಟು ನನ್ನ ಮಧ್ಯದ ಬೆರಳಿನ ತುದಿಗೆ ಬರಲಿಲ್ಲ. ಎರಡು ಬೆರಳಗಲ ಮೊದಲೇ ನಿಂತಿತು.

ಒಂದು ಗಳಿಗೆ, ಅದು ನನ್ನದೇ ಅಳತೆ ಇರಬಹುದೆಂದು ಆಸೆಪಟ್ಟಿದ್ದೆ. ಅದನ್ನು ಯಾರಿಗೂ ಹೇಳಿಲ್ಲ.

ಹಾಗಾದರೆ ನನಗಿಂತ ಗಿಡ್ಡ ಹೆಂಗಸು. ಇವರು ಯಾವಳದೋ ಕಂಕುಳಿಗೆ ದಾರ ಹಿಡಿದು, ಬೆರಳಿನ ತುದಿಯವರೆಗೆ ಎಳೆದಿದ್ದಾರೆ. ಎರೆಮಣ್ಣಿನ ಸೀಮೆಯವಳು. ನಮ್ಮ ಕಡೆ ಎರೆ ಎಂದರೆ ಹೊನ್ನಾಳಿ, ನ್ಯಾಮತಿ ಕಡೆ. ಕಣ್ಣು ಮುಚ್ಚಿದರೆ ವೇದಾವತಿ ಎದುರಿಗೆ ಬಂದಳು. ಹೆರಿಗೆ ಆಸ್ಪತ್ರೆಯ ನರ್ಸು, ಇಪ್ಪತ್ತೆಂಟರ ವಯಸ್ಸು, ಮದುವೆಯಿಲ್ಲ, ನ್ಯಾಮತಿಯವಳು. ದಾರಿಯಲ್ಲಿ ಇವರನ್ನು ಕಂಡರೆ “ಚೆನ್ನಾಗಿದೀರಾ ಅಣ್ಣಾ?” ಎಂದು ನಿಂತು ಮಾತಾಡಿಸುತ್ತಿದ್ದಳು. ಅಣ್ಣಾ ಎನ್ನುವುದಕ್ಕೆ ದುಡ್ಡು ಕೊಡಬೇಕೆ?

ಎರಡು ದಿನ ಬಿಟ್ಟು ಅವಳೇ ರವಿಕೆ ಬಟ್ಟೆ ಹಿಡಿದುಕೊಂಡು ಬಂದಳು. ಎದೆ, ಸೊಂಟ, ತೋಳು ಎಲ್ಲ ಅಳೆದೆ. ಆಮೇಲೆ ಟೇಪು ಕೆಳಗಿಟ್ಟು ದಾರ ತೆಗೆದೆ.

“ಕೈ ನೀಟಾಗಿ ಚಾಚಮ್ಮ.”

“ಇದೇನಕ್ಕ, ಬೆರಳಿನ ತುದಿವರೆಗೂ ಅಳೀತಿದೀರಿ? ಬೆರಳಿಗೂ ರವಿಕೆ ಹೊಲೀತೀರಾ?”

“ಹೊಸ ಫ್ಯಾಷನ್ನು.”

ಗಂಟು ಅವಳ ಮಧ್ಯದ ಬೆರಳಿನ ತುದಿಗೆ ಕೂತಿತು. ಅಳತೆ ಮಾಡಿದ ಹಾಗೆ ಕೂತಿತು. ನಾನು ದಾರ ಹಿಡಿದುಕೊಂಡೇ ನಿಂತುಬಿಟ್ಟೆ. “ಹುಷಾರಿಲ್ವಾ ಅಕ್ಕ? ನಾಡಿ ನೋಡ್ಲಾ?” ಎಂದು ಮಣಿಕಟ್ಟು ಹಿಡಿಯಲು ಬಂದಳು. ಕೈ ಕಿತ್ತುಕೊಂಡೆ. ಬಟ್ಟೆಯನ್ನು ಮಡಿಸಿ ಅವಳ ಕೈಗಿಟ್ಟು, “ಇದು ಸಾಲಲ್ಲ, ಬೇರೆ ಕಡೆ ಕೊಡು” ಎಂದೆ. ಅವಳು ಮೆಟ್ಟಿಲಿನ ಮೇಲೆ ನಿಂತು ಬಟ್ಟೆಯನ್ನು ಬಿಡಿಸಿ ನೋಡಿದಳು. ಒಂದೂಕಾಲು ಗಜವಿತ್ತು. ಒಂದು ರವಿಕೆಗೆ ಸಾಕಾಗಿ ಮಿಗುವಷ್ಟು. ಮತ್ತೆ ಮಡಿಸಿಕೊಂಡು ಹೋದಳು.

ನಾನು ಅಳೆದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅದೇ ಎತ್ತರದವರು, ಅದೇ ಕೈಯವರು. ಆ ದಿನ ನನಗೆ ಅದು ನೆನಪಾಗಲಿಲ್ಲ. ಅನುಮಾನಕ್ಕೆ ಒಂದು ಸಾಕ್ಷಿ ಸಿಕ್ಕರೆ ಅದು ಎರಡನೆಯದನ್ನು ಹುಡುಕುವುದಿಲ್ಲ.

ಗಂಡನ ಮೇಲಿನ ದೂರನ್ನು ತವರಿಗೆ ಒಯ್ಯಬಾರದು, ಗಂಡನ ಮನೆಯ ಹಿರಿಯರ ಮುಂದೆ ಇಡಬೇಕು. ನಮ್ಮಲ್ಲಿ ಹಾಗೆ. ಹಿರಿಯರು ಲಿಂಗಪೂಜೆ ಮುಗಿಸಿ ಹೊರಗೆ ಬಂದು ಕೂತಾಗ ಇಡಬೇಕು. ಒಮ್ಮೆ ಇಟ್ಟ ಮಾತನ್ನು ವಾಪಸು ತೆಗೆಯುವಂತಿಲ್ಲ. ಇವರ ಅಣ್ಣ ಷಡಕ್ಷರಪ್ಪನವರು ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದವರು. ಅವರ ಮಾತಿಗೆ ಇವರು ಎದುರಾಡಿದವರಲ್ಲ. ಒಂದು ಸೋಮವಾರ ಇವರು ಡ್ಯೂಟಿಗೆ ಹೋದ ಕೂಡಲೇ ನಾನು ಬಸ್ಸು ಹತ್ತಿದೆ.

ಆ ಮನೆಯಲ್ಲಿ ಭಾವನವರು, ಅವರ ಹೆಂಡತಿ ಶಕುಂತಲಕ್ಕ, ಮತ್ತೆ ಜಯಶೀಲಾ. ಜಯಶೀಲಾ ಈ ಅಣ್ಣತಮ್ಮಂದಿರ ಕೊನೆಯ ತಂಗಿ. ಇಪ್ಪತ್ತಾರು ವರ್ಷ. ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ವಿಧವೆಗೆ ಮತ್ತೆ ಗಂಡು ನೋಡಿ, ಸದ್ದುಗದ್ದಲವಿಲ್ಲದೆ ಕೂಡಿಕೆ ಮಾಡಿ ಕಳಿಸುವ ಪದ್ಧತಿ ನಮ್ಮಲ್ಲುಂಟು. ಆಯನೂರಿನ ಶಿವಯೋಗಪ್ಪ ಎಂಬ ಜಮೀನುದಾರರನ್ನು ಭಾವನವರು ಗೊತ್ತು ಮಾಡಿದ್ದರು. ಐವತ್ತರ ಆಸುಪಾಸು, ಮೊದಲ ಹೆಂಡತಿಯ ಮೂರು ಮಕ್ಕಳು. ಬರುವ ತಿಂಗಳೇ ಕೂಡಿಕೆ. ಮಾತು ಬಂದಾಗ, “ಮನೆಯಿದೆ, ಗದ್ದೆಯಿದೆ, ಇನ್ನೇನು ಬೇಕು?” ಎಂದವಳು ನಾನೇ. ಜಯಶೀಲಾ ಅವತ್ತು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಿರಲಿಲ್ಲ.

ನಾನು ಹೋದಾಗ ಬಾಗಿಲು ತೆಗೆದವಳೂ ಅವಳೇ. “ಏನತ್ತಿಗೆ, ಒಬ್ಬರೇ?” ಎಂದಳು. ಮುಖ ಬಿಸಿಲಿಗೆ ಕಂದಿತ್ತು. ಮನೆಯೊಳಗಿರುವ ಹುಡುಗಿ ಎಲ್ಲಿ ಬಿಸಿಲಿಗೆ ಬಿದ್ದಳೋ ಎಂದುಕೊಂಡು ಒಳಗೆ ಹೋದೆ.

ಭಾವನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ನಡುಮನೆಗೆ ಬಂದು ಕೂತರು. ಶಕುಂತಲಕ್ಕ ಕಂಬಕ್ಕೆ ಒರಗಿ ನಿಂತರು. “ಏನಮ್ಮ, ಮುಖ ಸಪ್ಪಗಿದೆ. ಮುರುಗೇಶ ಚೆನ್ನಾಗಿದಾನಾ?”

“ಒಂದು ಮಾತು ನಿಮ್ಮ ಮುಂದೆ ಇಡಕ್ಕೆ ಬಂದೆ ಭಾವನೋರೇ.”

“ಇಡು.”

“ಇವರು ಒಂದು ಸೈಕಲ್ ಕಟ್ತಿದಾರೆ. ಒಂದು ತಿಂಗಳಿಂದ ಕಟ್ತಿದಾರೆ. ಹೆಂಗಸರ ಸೈಕಲ್ಲು.”

ಜಯಶೀಲಾ ನನಗೆ ನೀರು ತರುತ್ತಿದ್ದಳು. ಅಲ್ಲೇ ನಿಂತುಬಿಟ್ಟಳು. ತಂಬಿಗೆಯಿಂದ ನೀರು ತುಳುಕಿ ಅವಳ ಪಾದದ ಮೇಲೆ ಬಿತ್ತು. ನನ್ನ ಕಣ್ಣು ತಾನಾಗಿ ಅಲ್ಲಿಗೆ ಹೋಯಿತು.

ಅವಳ ಸೀರೆಯ ನಿರಿಗೆ, ಬಲಗಾಲಿನ ಹತ್ತಿರ, ಗೇಣುದ್ದ ಕಪ್ಪಾಗಿತ್ತು. ಒಗೆದರೂ ಹೋಗದ ಕಪ್ಪು. ಸಾಲಾಗಿ, ಹಲ್ಲಿನಿಂದ ಕಚ್ಚಿದ ಹಾಗೆ ಚುಕ್ಕೆ ಚುಕ್ಕೆ. ನಾನು ಒಂದು ತಿಂಗಳಿಂದ ಇವರ ಪಂಚೆಯ ಮೇಲೆ ಸೀಮೆಎಣ್ಣೆ ಹಾಕಿ ತಿಕ್ಕುತ್ತಿದ್ದ ಕಪ್ಪು ಅದು. ಬೇರೆ ಯಾವ ಕಪ್ಪೂ ಹಾಗಿರುವುದಿಲ್ಲ. ಒದ್ದೆಯಾದ ಸೀರೆಯನ್ನು ಅವಳು ತುಸು ಎತ್ತಿ ಹಿಡಿದಾಗ ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಉದ್ದಕ್ಕೆ ತರಚಿ ಹಕ್ಕಳೆ ಕಟ್ಟಿದ್ದು ಕಾಣಿಸಿತು. ಪೆಡಲು ತಿರುಗಿ ಹೊಡೆದ ಗಾಯ.

ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅದು ಬೇಡಿಕೆಯಲ್ಲ. ನೀನು ಹೀಗೆ ಮಾಡುತ್ತೀ ಎಂದು ನನಗೆ ಮೊದಲೇ ಗೊತ್ತಿತ್ತು, ಎನ್ನುವ ನೋಟ.

“ಹೆಂಗಸರ ಸೈಕಲ್ಲಾ?” ಭಾವನವರ ಹುಬ್ಬು ಗಂಟಾಯಿತು. “ಯಾರಿಗೆ?”

ಇಟ್ಟ ಮಾತನ್ನು ತೆಗೆಯುವಂತಿಲ್ಲ. ಅದನ್ನು ಬೇರೆ ಕಡೆ ಸರಿಸಬಹುದು, ಅಷ್ಟೆ.

“ನನಗೇ ಭಾವನೋರೇ.”

“ನಿನಗಾ!”

“ಹೊಲಿದ ಬಟ್ಟೆ ಕೊಡಕ್ಕೆ ಪೇಪರ್‌ಟೌನ್ ಕಡೆ, ಕೂಲಿ ಲೈನಿನ ಕಡೆ ಹೋಗ್ಬೇಕಲ್ಲ. ರಸ್ತೆ ಚೆನ್ನಾಗಿಲ್ಲ. ಅದಕ್ಕೇ ಅಗಲದ ಟೈರು ಹಾಕಿ ಕಟ್ತಿದಾರೆ. ನಂಗೆ ನಾಚಿಕೆ. ಬೇಡ ಅಂದ್ರೆ ಕೇಳಲ್ಲ. ನೀವು ಒಂದ್ ಮಾತು ಹೇಳಿ ಅಂತ...”

ಶಕುಂತಲಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಮೂವತ್ತೈದು ವರ್ಷಕ್ಕೆ ಸೈಕಲ್ ಸವಾರಿ ಮಾಡ್ತೀಯಾ ಮಾರಾಯ್ತಿ? ಮೊದ್ಲೇ ಹೇಳಿದ್ರೆ ಬೀಳೋದನ್ನ ನೋಡಕ್ಕೆ ನಾನೂ ಬರ್ತಿದ್ದೆ.”

ಭಾವನವರು ನಗಲಿಲ್ಲ. ಬಟ್ಟೆಯ ವ್ಯಾಪಾರಿ, ನೂಲು ಎಲ್ಲಿ ಕಡಿದಿದೆ ಎಂದು ಹುಡುಕುವ ಕಣ್ಣು. “ಇಷ್ಟು ಹೇಳಕ್ಕೆ ಕೆಲಸ ಬಿಟ್ಟು, ಒಬ್ಬಳೇ ಬಸ್ ಹತ್ತಿ ಬಂದ್ಯಾ?”

“ಹೂಂ.”

“ಸರಿ. ನಾನೇ ಒಂದಿನ ಬಂದು ನೋಡ್ತೀನಿ.”

ಜಯಶೀಲಾ ನೀರಿನ ತಂಬಿಗೆ ನನ್ನ ಮುಂದಿಟ್ಟು ಒಳಗೆ ಹೋದಳು. ಥ್ಯಾಂಕ್ಸಿನ ಒಂದು ನೋಟವನ್ನೂ ಕೊಡಲಿಲ್ಲ.

ಸಂಜೆ ಇವರು ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆದುಕೊಂಡು ಹಿತ್ತಲಿಗೆ ಹೊರಟಾಗ ಬಾಗಿಲಲ್ಲಿ ನಿಂತೆ.

“ಜಯಶೀಲನ ಸೈಕಲ್ಲು ಎಲ್ಲೀವರೆಗೆ ಬಂತು?”

ಇವರ ಕೈಯಲ್ಲಿದ್ದ ಸ್ಪಾನರ್ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದರು. ಹೊನ್ನಾಳಿ ಬ್ಲಾಕಿನಲ್ಲಿ ಗ್ರಾಮಸೇವಿಕೆಯ ಕೆಲಸಕ್ಕೆ ಅರ್ಜಿ ಹಾಕಿದ್ದಳಂತೆ. ಎಂಟು ಹಳ್ಳಿ ಸುತ್ತಬೇಕು, ಬಸ್ಸಿಲ್ಲ, ಬರೀ ಗಾಡಿಜಾಡು. ಸೈಕಲ್ಲು ತುಳಿಯಲು ಬರುತ್ತದೆಯೇ ಎಂದು ಕೇಳಿದಾಗ ಬರುತ್ತದೆ ಎಂದುಬಿಟ್ಟಿದ್ದಳಂತೆ. ಭಾನುವಾರ ಮಠಕ್ಕೆ ಹೋಗುತ್ತೇನೆಂದು ಮನೆ ಬಿಟ್ಟು ಊರಾಚೆಯ ಗೋಪಾಳದ ಬಯಲಿಗೆ ಬರುವಳು. ಇವರು ಬಾಡಿಗೆ ಸೈಕಲ್ಲಿನ ಹಿಂದೆ ಓಡುತ್ತಾ ಕಲಿಸುವರು. ಕೆಲಸದ ಆರ್ಡರು ಇವರ ಕಾರ್ಖಾನೆಯ ವಿಳಾಸಕ್ಕೆ ಬರಬೇಕು. ಬಂದ ದಿನ, ಕೂಡಿಕೆಗೆ ಮೊದಲು, ಅವಳು ಹೊರಡಬೇಕು.

“ನಂಗ್ಯಾಕೆ ಹೇಳ್ಲಿಲ್ಲ?”

ಬಿದ್ದ ಸ್ಪಾನರನ್ನು ಎತ್ತಿಕೊಂಡು ಒರೆಸತೊಡಗಿದರು.

“ಹೇಳಿ. ನಾನೇನು ಹೊರಗಿನೋಳಾ?”

“ಮೂರು ವರ್ಷದ ಹಿಂದೆ ಅವಳು ಟೀಚರ್ ಟ್ರೈನಿಂಗ್ ಫಾರಂ ತರಿಸಿದ್ಲು. ನೆನಪಿದೆಯಾ? ನೀನು ಅದನ್ನ ಶಕುಂತಲತ್ತಿಗೆ ಹತ್ರ ಹೇಳ್ದೆ. ಅಣ್ಣ ಹರಿದು ಒಲೆಗೆ ಹಾಕಿದ.”

ನೆನಪಿತ್ತು. ನಾನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಶ್ಯಾವಿಗೆ ಒಣಹಾಕುತ್ತಾ, ಮಾತಿಗೆ ಮಾತು ಬಂದು ಹೇಳಿದ್ದೆ. ಆದರೆ ಫಾರಮ್ಮಿಗೆ ಮನಸ್ಸು ಗೊತ್ತಾಗುವುದಿಲ್ಲ.

“ಈ ಸಲಾನೂ ನೀನು ಅಣ್ಣನ ಹತ್ರ ಹೋಗ್ತೀಯ ಅಂತ ನಂಗೆ ಅನುಮಾನ ಇತ್ತು” ಎಂದರು.

ಸಿಟ್ಟು ಉಕ್ಕಿ ಬಂತು. ಒಂದು ತಿಂಗಳು ನಾನು ಇವರನ್ನು ಅನುಮಾನಿಸಿದ್ದೆ. ಇವರು ಮೂರು ವರ್ಷದಿಂದ ನನ್ನನ್ನು ಅನುಮಾನಿಸಿದ್ದರು, ಅದೂ ನಾನು ಬಡಿಸಿದ್ದನ್ನು ಉಣ್ಣುತ್ತಾ. ಬಾಯಿ ತೆರೆದೆ. ಆಗ ಬೆಳಿಗ್ಗೆಯ ಬಸ್ ಟಿಕೆಟ್ಟು ಇನ್ನೂ ನನ್ನ ರವಿಕೆಯೊಳಗೆ ಬೆವರಿಗೆ ಅಂಟಿಕೊಂಡಿತ್ತು. ಬಾಯಿ ಮುಚ್ಚಿದೆ. ಇವರ ಅನುಮಾನ ಸುಳ್ಳಾಗಿರಲಿಲ್ಲ, ನನ್ನದು ಸುಳ್ಳಾಗಿತ್ತು.

ನಡೆದದ್ದನ್ನು ಹೇಳಿದೆ. ಹೇಳಲು ಹೋಗಿದ್ದು, ಅರ್ಧ ಹೇಳಿದ್ದು, ಹೇಗೆ ತಿರುಗಿಸಿದ್ದು. ವೇದಾವತಿಯ ವಿಷಯ ಮಾತ್ರ ಹೇಳಲಿಲ್ಲ. ಇವರು ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ, “ಅಣ್ಣ ಬರ್ತಾನೆ. ಬರದೆ ಇರಲ್ಲ. ಹತ್ತು ನೋಡೋಣ ಅಂತಾನೆ” ಎಂದರು.

“ಹತ್ತಿದ್ರಾಯ್ತು.”

ಸೀಟನ್ನು ಎರಡು ಬೆರಳು ಮೇಲಕ್ಕೇರಿಸಿದರು. ಆರು ಸಂಜೆ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ನಾನು ಸೈಕಲ್ಲ ಮೇಲೆ, ಇವರು ಹಿಂದೆ. ಬೆಳಕಿನಲ್ಲಿ, ಜನರ ಕಣ್ಣೆದುರು ಇವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅಗಲದ ಟೈರು ಕಲ್ಲಿನ ಮೇಲೆ ಹರಿದರೆ ಸೀಟಿಗೆ ಬರೀ ಒಂದು ಗುದ್ದು, ಎತ್ತಿ ಎಸೆಯುವುದಿಲ್ಲ. ಚಕ್ರ ನೇರವಾಗಿ ಹೋಗುತ್ತಿದ್ದಾಗ ನನಗೆ ಸಂತೋಷವಾಯಿತು ಎಂದು ಒಪ್ಪಿಕೊಳ್ಳಬೇಕು. ಮರುಗಳಿಗೆಯೇ, ಇವರು ಹಿಂದೆ ಹಿಡಿದಿರುವುದು ನಾನು ಬೀಳದಿರಲೆಂದೋ ಅಥವಾ ಸೈಕಲ್ಲು ಹಾಳಾಗದಿರಲೆಂದೋ ಎಂಬ ಯೋಚನೆ ಬಂದು ಹ್ಯಾಂಡಲ್ಲು ಓಲಾಡಿತು.

“ಜಗದಾಂಬಮ್ಮ, ಗಿರಾಕಿ ನೀವೇನಾ!” ಎಂದು ಉಚ್ಚಂಗಮ್ಮ ಬೇಲಿ ಹತ್ತಿ ಕೂಗಿದಳು. “ನೀವು ಕಲ್ತ್ರೆ ನಮ್ಮನೆಯೋನಿಗೆ ಬೆನ್ನು ನೋವು ವಾಸಿ ಆಗತ್ತೆ ಬಿಡಿ, ನೋಡಿ ನಕ್ಕು ನಕ್ಕು.”

ಭಾನುವಾರ ಭಾವನವರು ಹೇಳದೆ ಬಂದರು. ಕೊಡೆ ಮಡಿಸಿ ಗೋಡೆಗಿಟ್ಟು, ಕಾಫಿಯನ್ನೂ ಮುಟ್ಟದೆ ಹಿತ್ತಲಿಗೆ ನಡೆದರು. ಸೈಕಲ್ಲನ್ನು ಸುತ್ತು ಹಾಕಿ ನೋಡಿದರು. ಟೈರನ್ನು ಹೆಬ್ಬೆರಳಿನಿಂದ ಒತ್ತಿದರು.

“ಹತ್ತಮ್ಮ.”

“ಅಣ್ಣಾ, ಬೇಡ...” ಎಂದರು ಇವರು.

“ನಿನ್ನ ಕೇಳಲಿಲ್ಲ. ಅವಳದ್ದು ತಾನೆ ಸೈಕಲ್ಲು? ಹತ್ಲಿ.”

ಬಯಲಿಗೆ ತಂದು ಹತ್ತಿದೆ. ಇವರಿಗೆ ಹಿಡಿಯಬೇಡಿ ಎಂದೆ. ಇಪ್ಪತ್ತು ಮಾರು ಹೋದೆ. ಬಾಯಲ್ಲಿ ಶಿವ ಶಿವ ಎಂದುಕೊಳ್ಳುತ್ತಿದ್ದೆ. ತಿರುಗಿಸಲು ಬರುತ್ತಿರಲಿಲ್ಲ, ಅದನ್ನಿನ್ನೂ ಕಲಿತಿರಲಿಲ್ಲ. ನೇರ ಹೋಗಿ ಲಂಟಾನದ ಪೊದೆಗೆ ಬಿದ್ದೆ. ಮೊಣಕೈ ತರಚಿಹೋಯಿತು. ಕ್ವಾರ್ಟರ್ಸಿನ ಹೆಂಗಸರೆಲ್ಲ ಹೋ ಎಂದು ನಕ್ಕರು. ಎದ್ದು, ಸೈಕಲ್ಲನ್ನು ತಳ್ಳಿಕೊಂಡು ಬಂದೆ. ಭಾವನವರು ಮುಖ ತಿರುಗಿಸಿಕೊಂಡಿದ್ದರು.

“ಸಾಕು, ಸಾಕು ಮಾನ ಹೋಗಿದ್ದು. ಮುರುಗೇಶ, ನಿನಗೆ ಬುದ್ಧಿ ಎಲ್ಲಿ ಹೋಗಿತ್ತೋ?”

ಅವರು ನಂಬಿದರು. ನಾನು ಚೆನ್ನಾಗಿ ತುಳಿದಿದ್ದರೆ ಅನುಮಾನ ಪಡುತ್ತಿದ್ದರೋ ಏನೋ.

ಆ ಗುರುವಾರ ಮಧ್ಯಾಹ್ನ ಪೇಟೆಯಿಂದ ಬಂದಾಗ ಹಿತ್ತಲು ಬರಿದಾಗಿತ್ತು. ಸಂಜೆ ಇವರು ಧೂಳು ಮೆತ್ತಿಕೊಂಡು ಬಂದರು. ಬುಧವಾರ ಆರ್ಡರು ಬಂದಿತ್ತಂತೆ, ಅವತ್ತೇ ಡ್ಯೂಟಿ ಮುಗಿಸಿ ಶಿವಮೊಗ್ಗಕ್ಕೆ ಹೋಗಿ ಅವಳಿಗೆ ತಿಳಿಸಿ ಬಂದಿದ್ದರಂತೆ. ಸೈಕಲ್ಲನ್ನು ಶಿವಮೊಗ್ಗದವರೆಗೆ ತುಳಿದುಕೊಂಡು ಹೋಗಿ, ಸೀಟು ಇಳಿಸಿ, ಹತ್ತೂವರೆಯ ಹೊನ್ನಾಳಿ ಬಸ್ಸಿನ ತಲೆಯ ಮೇಲೆ ಕಟ್ಟಿ, ತಂಗಿಯನ್ನು ಕಳಿಸಿ ಬಂದಿದ್ದರು.

ಬುಧವಾರ ರಾತ್ರಿ ನಾವಿಬ್ಬರೂ ಎದುರುಬದುರು ಕೂತು ಉಂಡಿದ್ದೆವು.

“ನಂಗೊಂದು ಮಾತು ಹೇಳ್ಬಹುದಿತ್ತು.”

“ಹೇಳ್ತೀನಿ ಅಂದೆ. ಅವಳೇ ಬೇಡ ಅಂದ್ಲು.” ಟವೆಲಿನಲ್ಲಿ ಮುಖ ಒರೆಸಿಕೊಂಡರು, ಅಗತ್ಯಕ್ಕಿಂತ ಹೆಚ್ಚು ಹೊತ್ತು. “ಅತ್ತಿಗೆ ಒಳ್ಳೇವರೇ ಅಣ್ಣ, ಆದ್ರೆ ಬೇಡ ಅಂದ್ಲು.”

ಮೊಣಕೈಯ ಗಾಯ ಆಗಷ್ಟೇ ಒಣಗುತ್ತಿತ್ತು. ಅಷ್ಟು ಬಿದ್ದದ್ದೂ ಸಾಲದೇ ಹೋಯಿತೇ ಎಂದು ಅಳು ಬಂತು. ಅಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನನಗೆ ಹೇಳುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಭಾವನವರು ಬಂದರು. ಬಸ್ ಸ್ಟ್ಯಾಂಡಿನಲ್ಲಿ ಅಣ್ಣತಂಗಿಯನ್ನು ಕಂಡ ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದರು. ಈ ಸಲ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು. ಆಯನೂರಿನವರಿಗೆ ಏನು ಉತ್ತರ ಹೇಳಲಿ ಎಂದು ಇವರನ್ನು ಬೈದರು, ಕುಲಗೇಡಿ ಎಂದರು, ಇನ್ನೂ ಏನೇನೋ ಎಂದರು. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ ಭಾವನವರು ನನ್ನ ಕಡೆ ತಿರುಗಿದರು. ದನಿ ಸ್ವಲ್ಪ ಮೆತ್ತಗಾಯಿತು.

“ನಿನಗೆ ಗೊತ್ತಿರಲಿಲ್ಲ ಅಂತ ನಂಗೊತ್ತು ಜಗದಾಂಬಾ. ನೀನು ನಮ್ಮನೆಗೆ ಯಾವತ್ತೂ ಏನೂ ಮುಚ್ಚಿಟ್ಟೋಳಲ್ಲ. ನಿನ್ನನ್ನೂ ಇವರಿಬ್ರೂ ಆಟ ಆಡಿಸಿದಾರೆ. ಹೌದು ತಾನೆ?”

ಹೌದು ಎಂದಿದ್ದರೆ ಸಾಕಿತ್ತು. ಅದರಲ್ಲಿ ಬಹುಪಾಲು ನಿಜವೂ ಆಗಿತ್ತು. ಆ ಮನೆಯ ಬಾಗಿಲು ನನಗೆ ತೆರೆದೇ ಇರುತ್ತಿತ್ತು. ಶಕುಂತಲಕ್ಕನ ಜೊತೆ ಶ್ಯಾವಿಗೆ ಒಣಹಾಕುತ್ತಾ ಮಾತಾಡಬಹುದಿತ್ತು.

“ಗೊತ್ತಿತ್ತು ಭಾವನೋರೇ.”

“ಏನು ಗೊತ್ತಿತ್ತು?”

“ಎಲ್ಲಾ. ಗುರುವಾರ ಹೋಗೋದು, ಹತ್ತೂವರೆ ಬಸ್ಸು, ಎಲ್ಲಾ.”

“ಯಾರು ಹೇಳಿದ್ರು? ಇವನಾ?”

ಇವರು ತಲೆ ಎತ್ತಿ ನನ್ನನ್ನು ನೋಡಿದರು.

“ಇವರಲ್ಲ. ಜಯಶೀಲನೇ ಹೇಳಿದ್ಲು. ನಂಗೆ ಹೇಳದೆ ಅವಳು ಏನೂ ಮಾಡಲ್ಲ” ಎಂದೆ.